ಈ ತಿಂಗಳ ಸ್ಮರಣೆ: ದೇವರನ್ನು ನಂಬದ ಗಾಂಧಿವಾದಿ ಡಾ. ಎಚ್. ನರಸಿಂಹಯ್ಯ



ಪ್ರತಿ ತಿಂಗಳು ಕನ್ನಡದ ಒಬ್ಬ ಹಿರಿಯರ ಜೀವನವನ್ನು ಚಿಕ್ಕದಾಗಿ ಬರೆದು ಈ ಪುಟದಲ್ಲಿ ಹಾಕುವುದು ನಮ್ಮ ಸಂಘದ ಪದ್ಧತಿ. ಈ ಸಲ ಡಾ. ಎಚ್. ನರಸಿಂಹಯ್ಯನವರನ್ನು ಆರಿಸಿಕೊಂಡಿದ್ದೇವೆ. ಬೆಂಗಳೂರಿನ ಕಡೆ ಅವರು ಎಚ್ಚೆನ್ ಎಂದೇ ಮನೆಮಾತು. ನಮ್ಮ ಹುಲಜಂತಿ, ಮಂಗಳವೇಢೆ, ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಹಳೆಯ ಮಾಸ್ತರರಿಗೆ ಈ ಹೆಸರು ಗೊತ್ತು, ಈಗಿನ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ.

ಹೆಸರು ಆರಿಸಿದ ಮೇಲೆ ಕಾರ್ಯಕಾರಿ ಸಮಿತಿಯಲ್ಲಿ ಒಂದು ಮಾತು ಬಂತು. ಇದೇ ಪುಟದಲ್ಲಿ ದೀಪಾವಳಿ ಅಮಾವಾಸ್ಯೆಯ ಮಹಾಲಿಂಗರಾಯನ ಜಾತ್ರೆಯ ಪ್ರಕಟಣೆ ಇರುತ್ತದೆ. ಅದರ ಕೆಳಗೆ ದೇವರನ್ನು ನಂಬದ, ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ರಚಿಸಿದ ಒಬ್ಬರ ಜೀವನಚರಿತ್ರೆ ಹಾಕುವುದು ಸರಿಯೇ ಎಂದು ಕೆಲವರು ಕೇಳಿದರು. ಇನ್ನು ಕೆಲವರು ಕೇಳಿದ್ದು ಇದಕ್ಕಿಂತ ದೊಡ್ಡ ಪ್ರಶ್ನೆ. ದೇವರು, ಭಕ್ತಿ, ಹರಕೆ ಒಂದೂ ಇಲ್ಲದೆ ಮನುಷ್ಯನ ಬದುಕಿಗೆ ಅರ್ಥ ಉಂಟೇ ಎಂಬುದು ಅವರ ಪ್ರಶ್ನೆ. ಇದು ತಳ್ಳಿ ಹಾಕುವಂಥದ್ದಲ್ಲ. ವಾದ ಮಾಡಿ ಇದಕ್ಕೆ ಉತ್ತರ ಹೇಳುವುದು ನಮ್ಮಂಥವರ ಕೈಲಾಗದು. ಒಬ್ಬರ ಬದುಕನ್ನು ಮುಂದಿಟ್ಟು ನೋಡಬಹುದು. ಅದಕ್ಕಾಗಿಯೇ ಎಚ್ಚೆನ್.

ನರಸಿಂಹಯ್ಯನವರು 1920ರ ಜೂನ್ 6ರಂದು ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ ಹುಟ್ಟಿದರು. ಆಗ ಅದು ಕೋಲಾರ ಜಿಲ್ಲೆಯಲ್ಲಿತ್ತು, ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. ಆಂಧ್ರದ ಗಡಿಗೆ ಹತ್ತಿದ ಸೀಮೆ ಅದು. ನಮ್ಮಲ್ಲಿ ಕನ್ನಡ-ಮರಾಠಿ ಹೇಗೋ ಅಲ್ಲಿ ಕನ್ನಡ-ತೆಲುಗು ಹಾಗೆ, ಸಂತೆಯಲ್ಲಿ ಎರಡೂ ಒಟ್ಟಿಗೆ ಓಡಾಡುತ್ತವೆ. ಅಂದರೆ ಎಚ್ಚೆನ್ ಕೂಡ ನಮ್ಮ ಹಾಗೆ ಗಡಿನಾಡಿನ ಮನುಷ್ಯರೇ. ಮನೆಯಲ್ಲಿ ಕಡುಬಡತನ. ಹಳ್ಳಿಯ ಶಾಲೆ ಮುಗಿದ ಮೇಲೆ ಮುಂದಿನ ಓದಿಗೆ ಬೆಂಗಳೂರಿಗೇ ಹೋಗಬೇಕು. ಪ್ರಯಾಣಕ್ಕೆ ದುಡ್ಡಿಲ್ಲ. ಹುಡುಗ 70 ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ನಡೆದೇ ಹೋಗಿ, 1935ರಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ. ಆ ಹುಡುಗ ಹೋಗಿ ಸೇರಿದ ಸಂಸ್ಥೆಯೇ ಮುಂದೆ ಅವರ ಮನೆಯಾಯಿತು. ಸಾಯುವವರೆಗೂ ಅದನ್ನು ಬಿಟ್ಟು ಬೇರೆ ಮನೆ ಕಟ್ಟಲಿಲ್ಲ.

1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದರು. ಅವರು ಹಿಂದಿಯಲ್ಲಿ ಮಾಡಿದ ಭಾಷಣವನ್ನು ಕನ್ನಡಕ್ಕೆ ಹೇಳುವ ಕೆಲಸ ಈ ಹುಡುಗನ ಪಾಲಿಗೆ ಬಂತು. ಹಳ್ಳಿಯಿಂದ ಬಂದು ವರ್ಷ ತುಂಬಿತ್ತೋ ಇಲ್ಲವೋ, ಎದುರಿಗೆ ಗಾಂಧಿ, ಸುತ್ತ ಜನ. ಇನ್ನೊಬ್ಬರ ಮಾತನ್ನು ತನ್ನ ಬಾಯಿಂದ ತನ್ನ ಭಾಷೆಯಲ್ಲಿ ಹೇಳುವಾಗ ಆ ಮಾತು ಅರ್ಧ ತನ್ನದೇ ಆಗಿಬಿಡುತ್ತದೆ. ಕಚೇರಿಯಲ್ಲಿ ಮರಾಠಿ ಅರ್ಜಿಗಳನ್ನು ಕನ್ನಡದ ರೈತರಿಗೆ ಓದಿ ಹೇಳಿದ ನಮ್ಮಂಥ ಕಾರಕೂನರಿಗೂ ಇದು ಸ್ವಲ್ಪ ಗೊತ್ತು. ಎಚ್ಚೆನ್ ಅವರ ಮಟ್ಟಿಗೆ ಆ ದಿನದ ಪರಿಣಾಮ ಕೊನೆಯವರೆಗೂ ಉಳಿಯಿತು. ಖಾದಿ ಬಟ್ಟೆ, ತಲೆಗೆ ಗಾಂಧಿ ಟೋಪಿ, ಸರಳ ಜೀವನ, ಒಬ್ಬಂಟಿ ಬದುಕು. ಮದುವೆಯಾಗಲಿಲ್ಲ.

1942ರಲ್ಲಿ ಚಲೇಜಾವ್ ಚಳವಳಿ ಬಂತು. ಎಚ್ಚೆನ್ ಆಗ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಓದುತ್ತಿದ್ದರು. ಓದು ಬಿಟ್ಟು ಚಳವಳಿಗೆ ಇಳಿದರು, ಸೆರೆಮನೆ ಸೇರಿದರು. ಬೆಂಗಳೂರು, ಮೈಸೂರಿನ ಜೈಲುಗಳ ಜೊತೆಗೆ ಪುಣೆಯ ಯರವಡಾ ಜೈಲನ್ನೂ ಕಂಡರು. ಯರವಡಾ ಎಂದ ಕೂಡಲೆ ಸೊಲ್ಲಾಪುರದ ಸದಸ್ಯರಿಗೆ ಏನು ನೆನಪಾಗುತ್ತದೆ ಎಂದು ಹೇಳಬೇಕಾಗಿಲ್ಲ. 1931ರ ಜನವರಿ 12ರಂದು ನಮ್ಮ ಮಲ್ಲಪ್ಪ ಧನಶೆಟ್ಟಿ, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಈ ನಾಲ್ವರನ್ನು ಗಲ್ಲಿಗೇರಿಸಿದ್ದು ಅದೇ ಜೈಲಿನಲ್ಲಿ. ಅವರು ಬೇರೆ ಬೇರೆ ಜಾತಿ-ಧರ್ಮದ ಮನೆಗಳಲ್ಲಿ ಹುಟ್ಟಿದವರು. ಅದೇ ವರ್ಷದ ಮಾರ್ಚ್ 23ರಂದು ಲಾಹೋರಿನಲ್ಲಿ ಗಲ್ಲಿಗೇರಿದ ಭಗತ್ ಸಿಂಗರು ತಾವೇಕೆ ನಾಸ್ತಿಕರು ಎಂದು ಜೈಲಿನಲ್ಲೇ ಕೂತು ಲೇಖನ ಬರೆದಿಟ್ಟಿದ್ದರು. ಹುತಾತ್ಮರ ಚೌಕದಲ್ಲಿ ನಾವು ಹೂಮಾಲೆ ಹಾಕುವಾಗ ಯಾರಿಗೆ ಎಷ್ಟು ಭಕ್ತಿ ಇತ್ತು ಎಂದು ಲೆಕ್ಕ ಕೇಳುವುದಿಲ್ಲ. ದೇಶಕ್ಕಾಗಿ ಪ್ರಾಣ ಕೊಟ್ಟವರಲ್ಲಿ ನಂಬಿದವರೂ ಇದ್ದರು, ನಂಬದವರೂ ಇದ್ದರು. ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ ಎನ್ನಬಹುದು. ಆದರೆ ಒಂದು ದಿನ ಧೈರ್ಯವಾಗಿ ಸಾಯುವುದು ಬೇರೆ, ಅರುವತ್ತು ವರ್ಷ ದಿನದಿನವೂ ಅರ್ಥವಾಗಿ ಬದುಕುವುದು ಬೇರೆ. ಉಳಿದ ಅರ್ಧ ಉತ್ತರಕ್ಕೆ ಎಚ್ಚೆನ್ ಅವರ ಮುಂದಿನ ಬದುಕನ್ನು ನೋಡಬೇಕು.

ಜೈಲಿನಿಂದ ಬಂದು ಓದು ಮುಗಿಸಿ, 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಕಾಲೇಜಿಗೆ ಆಗ ಒಂದೇ ವರ್ಷ. ಅಲ್ಲಿನ ವಿದ್ಯಾರ್ಥಿ ನಿಲಯದ ಒಂದು ಕೋಣೆಯಲ್ಲಿ ಹಾಸಿಗೆ ಹಾಕಿದರು. ಅಮೆರಿಕೆಗೆ ಹೋಗಿ 1960ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದರು. ಆ ಕಾಲದಲ್ಲಿ ಅಂಥ ಪದವಿ ಇದ್ದವರಿಗೆ ಅಲ್ಲಿಯೇ ನಿಲ್ಲುವುದು ಕಷ್ಟವಿರಲಿಲ್ಲ. ಅವರು ಅದೇ ಕಾಲೇಜಿಗೆ, ಅದೇ ಹಾಸ್ಟೆಲಿಗೆ ತಿರುಗಿ ಬಂದರು. ಪ್ರಾಂಶುಪಾಲರಾದಾಗಲೂ ಅದೇ ವಾಸ. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದಾಗಲೂ ಅದೇ ವಾಸ. ವಿಧಾನ ಪರಿಷತ್ತಿನ ಸದಸ್ಯರಾದರು, ನ್ಯಾಷನಲ್ ಎಜುಕೇಷನ್ ಸೊಸೈಟಿಯ ಅಧ್ಯಕ್ಷರಾದರು, 1984ರಲ್ಲಿ ಪದ್ಮಭೂಷಣ ಬಂತು. ಕೋಣೆ ಬದಲಾಗಲಿಲ್ಲ. ಸುತ್ತಲೂ ಹುಡುಗರು. ಒಂದು ತಂಡ ಓದಿ ಹೋಗುತ್ತದೆ, ಇನ್ನೊಂದು ಬರುತ್ತದೆ. ಅವರ ಸಂಸಾರ ಅದೇ.

ನಮ್ಮಲ್ಲಿ ಕೆಲವರು ನಿವೃತ್ತಿಯಾದವರು. ಸರಕಾರಿ ಕ್ವಾರ್ಟರ್ಸ್ ಬಿಡುವಾಗ ಎಷ್ಟು ಸಂಕಟವಾಗುತ್ತದೆ, ಎಷ್ಟು ಸಾಮಾನು ಕೂಡಿರುತ್ತದೆ ಎಂದು ನಮಗೆ ಗೊತ್ತು. ಕುಲಪತಿಯ ಕುರ್ಚಿಯಲ್ಲಿ ಐದು ವರ್ಷ ಕೂತು, ಹೋಗುವಾಗ ಖಾಲಿ ಮಾಡಬೇಕಾದ ಬಂಗಲೆಯೇ ಇಲ್ಲದವರನ್ನು ನಾವು ಬೇರೆ ಯಾರನ್ನೂ ಕೇಳಿಲ್ಲ.

ಈಗ ಅವರ ನಂಬಿಕೆಯ ವಿಷಯಕ್ಕೆ ಬರೋಣ. ಅವರ ಹೆಸರಿನಲ್ಲೇ ನರಸಿಂಹನಿದ್ದಾನೆ. ಈ ಕಂಬದಲ್ಲಿ ದೇವರಿದ್ದಾನೆಯೇ ಎಂದು ಕೇಳಿದವನಿಗೆ ಕಂಬ ಒಡೆದು ಬಂದು ತೋರಿಸಿದ ದೇವರು. ಆ ಹೆಸರು ಹೊತ್ತ ಈ ಮನುಷ್ಯ ಮಾತ್ರ ಕಂಬವನ್ನು ಕೊನೆಯವರೆಗೂ ಕೇಳುತ್ತಲೇ ಉಳಿದರು. ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬಾರದು ಎಂಬುದು ಅವರ ನಿಯಮ. ಪೂಜೆ, ಹರಕೆ, ಮುಹೂರ್ತ, ಜಾತಕ ಯಾವುದನ್ನೂ ತಮ್ಮ ಬದುಕಿನಲ್ಲಿ ಇಟ್ಟುಕೊಳ್ಳಲಿಲ್ಲ. ವಿಚಾರವಾದಿ ಎಂದು ತಮ್ಮನ್ನು ಬಹಿರಂಗವಾಗಿ ಕರೆದುಕೊಂಡರು.

ಇದರಲ್ಲಿ ಆಶ್ಚರ್ಯದ ಸಂಗತಿ ಒಂದಿದೆ. ಅವರು ಮೆಚ್ಚಿ ನಡೆದ ಗುರು ಗಾಂಧೀಜಿ. ಗಾಂಧೀಜಿಯೋ ಬೆಳಗು-ಸಂಜೆ ಪ್ರಾರ್ಥನೆ ಮಾಡುವವರು, ರಾಮನಾಮ ಬಿಡದವರು. ಗುರುವಿನ ಖಾದಿ ತೆಗೆದುಕೊಂಡು, ಸರಳತೆ ತೆಗೆದುಕೊಂಡು, ಸತ್ಯದ ಹಟ ತೆಗೆದುಕೊಂಡು, ಗುರುವಿನ ದೇವರನ್ನು ಮಾತ್ರ ಬಿಟ್ಟ ಶಿಷ್ಯ ಇವರು. ಇದು ದ್ರೋಹವೇ? ನಮಗೆ ಹಾಗೆ ಅನಿಸುವುದಿಲ್ಲ. ದೇವರೇ ಸತ್ಯ ಎಂದು ಮೊದಲು ಹೇಳುತ್ತಿದ್ದ ಗಾಂಧೀಜಿ ನಂತರದ ವರ್ಷಗಳಲ್ಲಿ ಅದನ್ನು ತಿರುಗಿಸಿ ಸತ್ಯವೇ ದೇವರು ಎನ್ನತೊಡಗಿದರು. ಹಾಗೆ ತಿರುಗಿಸಿದ್ದರಿಂದ ನಾಸ್ತಿಕನಿಗೂ ಅವರ ಅಂಗಳದಲ್ಲಿ ಕೂರಲು ಜಾಗ ಸಿಕ್ಕಿತು. ಆಂಧ್ರದ ಗೋರಾ ಎಂಬ ನಾಸ್ತಿಕರು ಗಾಂಧೀಜಿಯ ಆಶ್ರಮದಲ್ಲೇ ಇದ್ದು ಅವರ ಜೊತೆ ಚರ್ಚೆ ಮಾಡಿದವರು, ಅಸ್ಪೃಶ್ಯತೆಯ ವಿರುದ್ಧ ಕೆಲಸ ಮಾಡಿದವರು. ಎಚ್ಚೆನ್ ಕೂಡ ಅದೇ ಸಾಲಿನವರು.

ಆದರೆ ದೇವರನ್ನು ಬಿಟ್ಟರೆ ಅದರ ಜೊತೆಗೆ ಬೇರೆ ಹಲವು ಸಂಗತಿಗಳೂ ಕೈಬಿಡುತ್ತವೆ. ಇದನ್ನು ನಾವು ಮರೆಯಬಾರದು. ನಮ್ಮ ಹುಲಜಂತಿಯನ್ನೇ ತೆಗೆದುಕೊಳ್ಳಿ. ಮಹಾಲಿಂಗರಾಯ ನಮಗೆ ಗುಡಿಯಲ್ಲಿರುವ ದೇವರು ಅಷ್ಟೇ ಅಲ್ಲ. ವರ್ಷಕ್ಕೊಮ್ಮೆ ಮುಂಬೈ, ಪುಣೆಗೆ ದುಡಿಯಲು ಹೋದ ಮಕ್ಕಳು ಮನೆಗೆ ಬರುವ ನೆವ ಅವನು. ಡೊಳ್ಳಿನ ಪದ ಹಾಡುವವರಿಗೆ ರಾತ್ರಿಯಿಡೀ ಕೇಳುವ ಜನ ಸಿಗುವುದು ಅವನಿಂದ. ಬೀರಪ್ಪ ಗುರು, ಮಹಾಲಿಂಗರಾಯ ಶಿಷ್ಯ. ಹುನ್ನೂರಿನ ಪಾಲಖಿಯೂ ಹುಲಜಂತಿಯ ಪಾಲಖಿಯೂ ಭೇಟಿಯಾಗುವ ಹೊತ್ತಿಗೆ ಭಂಡಾರ ಹಾರಿ ಆಕಾಶವೇ ಹಳದಿಯಾಗುತ್ತದೆ. ಆಗ ಕರ್ನಾಟಕ ಯಾವುದು, ಮಹಾರಾಷ್ಟ್ರ ಯಾವುದು, ಯಾರ ಹೊಲ ಎಷ್ಟು ಎಕರೆ ಯಾರಿಗೂ ನೆನಪಿರುವುದಿಲ್ಲ. ನಂಬಿಕೆ ಬಿಟ್ಟವನಿಗೆ ಈ ಕೂಟ ಎಲ್ಲಿ ಸಿಗಬೇಕು? ಕಷ್ಟದಲ್ಲಿ ಯಾರ ಮುಂದೆ ಅಳಬೇಕು? ತಪ್ಪು ಮಾಡುವಾಗ ಯಾರು ನೋಡುತ್ತಾರೆ ಎಂದು ಹೆದರಬೇಕು? ಭಕ್ತರಾದ ನಾವು ಕೇಳುವ ಈ ಪ್ರಶ್ನೆಗಳು ನ್ಯಾಯವಾದವೇ.

ಎಚ್ಚೆನ್ ಈ ಪ್ರಶ್ನೆಗಳಿಗೆ ಉಪನ್ಯಾಸದಲ್ಲಿ ಉತ್ತರ ಹೇಳುವುದಕ್ಕಿಂತ ಹೆಚ್ಚಾಗಿ ಕೆಲಸದಲ್ಲಿ ಹೇಳಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಪ್ರತಿ ಬುಧವಾರ ಸಂಜೆ ಕಾಲೇಜಿನ ಸಭಾಂಗಣದಲ್ಲಿ ವಿಜ್ಞಾನದ ಬಗ್ಗೆ ಉಪನ್ಯಾಸ. ಟಿಕೇಟಿಲ್ಲ, ಆಮಂತ್ರಣವಿಲ್ಲ, ಯಾರು ಬೇಕಾದರೂ ಬರಬಹುದು. ದೊಡ್ಡ ವಿಜ್ಞಾನಿ ಬಂದು ಹೇಳುತ್ತಾರೆ, ಕೇಳುವವರಲ್ಲಿ ಕಾಲೇಜಿನ ಹುಡುಗರೂ ಇರುತ್ತಾರೆ, ಪಿಂಚಣಿದಾರರೂ ಇರುತ್ತಾರೆ. ಪ್ರತಿ ಜುಲೈ ತಿಂಗಳಲ್ಲಿ ದಿನವೂ ಉಪನ್ಯಾಸ, ವಿಜ್ಞಾನದ ಉತ್ಸವ. ಬೆಂಗಳೂರು ಲಲಿತಕಲಾ ಪರಿಷತ್ತನ್ನೂ ಕಟ್ಟಿದರು, ಸಂಗೀತ, ನೃತ್ಯ, ನಾಟಕಕ್ಕಾಗಿ.

ನಾವು ಇದನ್ನು ಜಾತ್ರೆಯ ಕಣ್ಣಿನಿಂದ ನೋಡಿದಾಗ ಒಂದು ಸಂಗತಿ ಹೊಳೆಯಿತು. ನಮ್ಮಲ್ಲಿ ಸೋಮವಾರ ಶಿವನ ವಾರ, ಅವರಲ್ಲಿ ಬುಧವಾರ ವಿಜ್ಞಾನದ ವಾರ. ನಮ್ಮಲ್ಲಿ ಶ್ರಾವಣ, ಅವರಲ್ಲಿ ಜುಲೈ. ನಮ್ಮಲ್ಲಿ ಭಜನೆ, ಡೊಳ್ಳು. ಅವರಲ್ಲಿ ಲಲಿತಕಲಾ ಪರಿಷತ್ತು. ಮನುಷ್ಯನಿಗೆ ವಾರ ಬೇಕು, ತಿಂಗಳು ಬೇಕು, ಒಟ್ಟಿಗೆ ಕೂರುವ ಜಾಗ ಬೇಕು, ಹಾಡು ಬೇಕು ಎಂಬುದನ್ನು ಅವರು ಬಲ್ಲವರಾಗಿದ್ದರು. ದೇವರಿಲ್ಲ ಎಂದು ಹೇಳಿ ಜನರನ್ನು ಖಾಲಿ ಮೈದಾನದಲ್ಲಿ ಬಿಟ್ಟು ಹೋಗಲಿಲ್ಲ. ಕೂರಲು ಒಂದು ಸಭಾಂಗಣ ಕೊಟ್ಟರು.

ಯಾರು ನೋಡುತ್ತಾರೆ ಎಂಬ ಪ್ರಶ್ನೆಗೂ ಆ ಹಾಸ್ಟೆಲ್ ಕೋಣೆಯೇ ಉತ್ತರ. ನೂರಾರು ಹುಡುಗರ ನಡುವೆ ಬದುಕುವ ಗುರುವಿಗೆ ಮುಚ್ಚಿಡುವ ಬದುಕು ಇರುವುದಿಲ್ಲ. ಭಕ್ತನಿಗೆ ದೇವರ ಕಣ್ಣು ಹೇಗೋ ಅವರಿಗೆ ವಿದ್ಯಾರ್ಥಿಗಳ ಕಣ್ಣು ಹಾಗೆ. ಹುಟ್ಟೂರನ್ನೂ ಅವರು ಮರೆಯಲಿಲ್ಲ. ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ಸೊಸೈಟಿಯ ಕಾಲೇಜುಗಳು ಬಂದವು. ಅವರು ಓದಿಗಾಗಿ ಬೆಂಗಳೂರಿನವರೆಗೆ ಕಾಲೆಳೆದ ದಾರಿಯನ್ನು ಆ ಸೀಮೆಯ ಮಕ್ಕಳು ಮತ್ತೆ ನಡೆಯಬೇಕಾಗದಂತೆ ಮಾಡಿದರು.

ಇನ್ನು ಎಲ್ಲರೂ ಕೇಳುವ ಪವಾಡ ಸಮಿತಿಯ ಕಥೆ. 1976ರಲ್ಲಿ, ಕುಲಪತಿಯಾಗಿದ್ದಾಗ, ವಿಶ್ವವಿದ್ಯಾಲಯದ ವತಿಯಿಂದ ಪವಾಡಗಳನ್ನೂ ಪರಿಶೀಲಿಸಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿಯನ್ನು ರಚಿಸಿದರು. ದೇಶದಲ್ಲಿ ತುರ್ತು ಪರಿಸ್ಥಿತಿ ಇದ್ದ ಕಾಲ. ಅದೇ ವರ್ಷ ಸಂವಿಧಾನದ 42ನೆಯ ತಿದ್ದುಪಡಿ ಅಂಗೀಕಾರವಾಗಿ, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಒಂದೆಂದು ಸೇರಿತು. ಎಚ್ಚೆನ್ ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಒಂದಾದ ಮೇಲೊಂದು ಮೂರು ಪತ್ರ ಬರೆದರು. ಗಾಳಿಯಿಂದ ವಸ್ತುಗಳನ್ನು ತೆಗೆಯುವುದನ್ನು ಸಮಿತಿಯ ಎದುರು, ಪರೀಕ್ಷೆಗೆ ಒಪ್ಪುವ ರೀತಿಯಲ್ಲಿ ತೋರಿಸಬೇಕೆಂಬುದು ಅವರ ಕೋರಿಕೆ. ಅದಕ್ಕೆ ಒಪ್ಪಿಗೆ ಬರಲಿಲ್ಲ. ಪಾಂಡವಪುರದಲ್ಲಿ ವಿಭೂತಿ ತೆಗೆಯುತ್ತಿದ್ದ ಒಬ್ಬ ಚಿಕ್ಕ ಹುಡುಗನಿದ್ದ. ಸಮಿತಿಯವರು ಹೋಗಿ ನೋಡಿದಾಗ ವಿಭೂತಿಯನ್ನು ಬಟ್ಟೆಯೊಳಗೆ ಮೊದಲೇ ಇಟ್ಟುಕೊಂಡದ್ದು ಬಯಲಾಯಿತು.

ದೊಡ್ಡ ಗದ್ದಲವಾಯಿತು. ವಿಶ್ವವಿದ್ಯಾಲಯಕ್ಕೆ ಇದು ಬೇಡದ ಕೆಲಸ ಎಂದವರಿದ್ದರು, ಭಕ್ತರ ಮನಸ್ಸು ನೋಯಿಸಿದರು ಎಂದವರಿದ್ದರು. 1977ರಲ್ಲಿ ಅವರ ಅವಧಿ ಮುಗಿಯಿತು, ಸಮಿತಿಯ ಕೆಲಸವೂ ನಿಂತಿತು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಪುಟ್ಟಪರ್ತಿಯ ಭಕ್ತರು ಮುಂದೆ ದೊಡ್ಡ ಆಸ್ಪತ್ರೆ ಕಟ್ಟಿದರು, ಬರಗಾಲದ ಅನಂತಪುರ ಜಿಲ್ಲೆಯ ಹಳ್ಳಿಗಳಿಗೆ ಕುಡಿಯುವ ನೀರು ತಂದರು. ನಂಬಿಕೆಯೂ ಕೆಲಸ ಮಾಡಿಸುತ್ತದೆ. ಅದನ್ನು ಇಲ್ಲವೆನ್ನುವುದು ಸುಳ್ಳಾಗುತ್ತದೆ, ಎಚ್ಚೆನ್ ಅವರ ಲೇಖನದಲ್ಲಿ ಸುಳ್ಳಿಗೆ ಜಾಗ ಕೊಡುವುದು ಸರಿಯಲ್ಲ.

ಸಮಿತಿಯ ಹೆಸರಿನಲ್ಲಿರುವ ಒಂದು ಪದದ ಕಡೆಗೆ ಸದಸ್ಯರ ಗಮನ ಸೆಳೆಯುತ್ತೇವೆ. ಪರಿಶೀಲಿಸಬಹುದಾದ ಎಂಬ ಪದ. ನೋಡಿ ತೂಗಿ ಹೇಳಬಹುದಾದದ್ದನ್ನು ಮಾತ್ರ ತೂಗುತ್ತೇವೆ ಎಂದು ಅದರ ಅರ್ಥ. ತಾಯಿ ಮಗುವಿನ ತಲೆ ಮೇಲೆ ಕೈಯಿಟ್ಟು ದೇವರನ್ನು ನೆನೆಯುವುದನ್ನು ಯಾವ ಸಮಿತಿಯೂ ತೂಗಲಾರದು, ತೂಗಬೇಕಾಗಿಯೂ ಇಲ್ಲ. ಆದರೆ ಗಾಳಿಯಿಂದ ಉಂಗುರ ಬಂತು ಎಂದರೆ ಅದನ್ನು ನೋಡಬಹುದು. ಮಾಟದಿಂದ ರೋಗ ವಾಸಿಯಾಯಿತು ಎಂದರೆ ಅದನ್ನೂ ನೋಡಬಹುದು, ನೋಡಲೇಬೇಕು. ಅದನ್ನು ನಂಬಿ ದವಾಖಾನೆಗೆ ಹೋಗದೆ ಜೀವ ಕಳೆದುಕೊಳ್ಳುವವರು ಬಡವರೇ.

ಇಲ್ಲಿ ನಮ್ಮೂರಿನ ಮಾತು ಬರದೆ ಇರದು. ದೀಪಾವಳಿ ಅಮಾವಾಸ್ಯೆಯ ರಾತ್ರಿ ಶಿವ-ಪಾರ್ವತಿಯರು ಕೈಲಾಸದಿಂದ ಇಳಿದು ಬಂದು ಮಹಾಲಿಂಗರಾಯನ ಗುಡಿಯ ಶಿಖರಕ್ಕೆ ಮುಂಡಾಸು ಸುತ್ತುತ್ತಾರೆ ಎಂಬುದು ನಮ್ಮ ಹಿರಿಯರಿಂದ ಬಂದ ನಂಬಿಕೆ. ಬೆಳಗಿನ ಜಾವ ಆ ಮುಂಡಾಸು ನೋಡಲು ಮೂರು ರಾಜ್ಯಗಳ ಜನ ಕತ್ತೆತ್ತಿ ನಿಲ್ಲುತ್ತಾರೆ. ಎಚ್ಚೆನ್ ಬದುಕಿದ್ದು ಹುಲಜಂತಿಗೆ ಬಂದಿದ್ದರೆ ಏನು ಕೇಳುತ್ತಿದ್ದರು ಎಂಬುದು ಎಲ್ಲರ ಮನಸ್ಸಿನಲ್ಲಿ ಇದೆ, ಬಾಯಲ್ಲಿ ಹೇಳುವುದಿಲ್ಲ ಅಷ್ಟೆ. ಅವರು ಖಂಡಿತ ಪ್ರಶ್ನೆ ಕೇಳುತ್ತಿದ್ದರು. ನಮ್ಮ ಅಭಿಪ್ರಾಯ ಇಷ್ಟು: ಒಬ್ಬರು ಪ್ರಶ್ನೆ ಕೇಳಿದ ಮಾತ್ರಕ್ಕೆ ಗುರು-ಶಿಷ್ಯರ ಭೇಟಿ ನಿಲ್ಲುವಷ್ಟು ನಮ್ಮ ಜಾತ್ರೆ ಬಡವಾಗಿಲ್ಲ. ಆ ಭೇಟಿಯಲ್ಲಿ ನಮ್ಮ ಕಣ್ಣಲ್ಲಿ ನೀರು ಬರುವುದು ಶಿಷ್ಯನು ಗುರುವನ್ನು ಅಷ್ಟು ಪ್ರೀತಿಸಿದ ಎಂಬುದಕ್ಕೆ. ಅದಕ್ಕೆ ತನಿಖೆ ಬೇಕಿಲ್ಲ, ತನಿಖೆಯಿಂದ ಅದು ಕಡಿಮೆಯಾಗುವುದೂ ಇಲ್ಲ.

ಈ ಲೇಖನ ಬರೆಯಲು ಇನ್ನೊಂದು ಕಾರಣವಿದೆ. ನಮ್ಮ ಸದಸ್ಯರ ಮನೆಗಳಲ್ಲಿ ಓದಿದ ಮಕ್ಕಳಿದ್ದಾರೆ. ಅವರಲ್ಲಿ ಕೆಲವರಿಗೆ ನಂಬಿಕೆ ಇಲ್ಲ. ಹೇಳಿದರೆ ಅಜ್ಜಿಗೆ ನೋವು, ಅಪ್ಪನಿಗೆ ಸಿಟ್ಟು ಎಂದು ಸುಮ್ಮನೆ ಹಣೆಗೆ ಭಂಡಾರ ಹಚ್ಚಿಕೊಂಡು ನಿಲ್ಲುತ್ತಾರೆ. ಕೆಲವರು ಹೇಳಿಬಿಟ್ಟು ಮನೆಗೆ ಬರುವುದನ್ನೇ ನಿಲ್ಲಿಸಿದ್ದಾರೆ. ದೇವರಿಲ್ಲ ಎಂದ ಮೇಲೆ ಇವನಿಗೆ ಹೆತ್ತವರೂ ಬೇಡ, ನೀತಿಯೂ ಬೇಡ, ಕೆಟ್ಟೇಹೋದ ಎಂದು ಹಿರಿಯರು ಕೊರಗುವುದನ್ನು ಕೇಳಿದ್ದೇವೆ. ಅಂಥ ಹಿರಿಯರಿಗೆ ಎಚ್ಚೆನ್ ಅವರ ಬದುಕು ಸಮಾಧಾನ ಕೊಡುತ್ತದೆ. ಕುಡಿತವಿಲ್ಲ, ಲಂಚವಿಲ್ಲ, ಆಸ್ತಿಯ ಆಸೆಯಿಲ್ಲ, ಬಡಮಕ್ಕಳ ಓದಿಗೆ ಜೀವಮಾನವೆಲ್ಲ ಸವೆಸಿದರು. ನಮ್ಮ ಮಠಗಳ ಎಷ್ಟೋ ಒಳ್ಳೆಯ ಸ್ವಾಮಿಗಳು ಹೀಗೆಯೇ ಬದುಕಿದರು. ದೇವರನ್ನು ಬಿಟ್ಟವನು ನೀತಿಯನ್ನೂ ಬಿಡುತ್ತಾನೆ ಎಂಬ ಭಯಕ್ಕೆ ಆಧಾರವಿಲ್ಲ.

ಮಕ್ಕಳಿಗೂ ಒಂದು ಮಾತಿದೆ. ಎಚ್ಚೆನ್ ಅವರಿಂದ ಅವಿಶ್ವಾಸವನ್ನು ಮಾತ್ರ ತೆಗೆದುಕೊಂಡರೆ ಸಾಲದು. ನಂಬುವವನಿಗೆ ಎಷ್ಟೋ ಸಂಗತಿಗಳು ಹಿರಿಯರಿಂದ ಪುಕ್ಕಟೆ ಬರುತ್ತವೆ: ವಾರ, ವ್ರತ, ಜಾತ್ರೆ, ಜೊತೆಗಾರರು, ಸಾವಿನ ಮನೆಯಲ್ಲಿ ಏನು ಮಾಡಬೇಕೆಂಬ ಪದ್ಧತಿ. ನಂಬದವನು ಇವೆಲ್ಲವನ್ನೂ ತಾನೇ ಕಟ್ಟಿಕೊಳ್ಳಬೇಕು. ಎಚ್ಚೆನ್ ಕಟ್ಟಿಕೊಂಡರು, ತಮ್ಮೊಬ್ಬರಿಗಾಗಿ ಅಲ್ಲ, ಸಾವಿರಾರು ಜನರಿಗಾಗಿ. ಅದಕ್ಕೆ ಅವರು ಕೊಟ್ಟ ಬೆಲೆಯೂ ದೊಡ್ಡದು. ಸಂಸಾರವಿಲ್ಲ, ಸ್ವಂತದ್ದೆಂಬ ಮನೆಯಿಲ್ಲ. ಎಲ್ಲರೂ ಅವರಂತೆ ಆಗಲಾರರು ಎಂದು ಹೇಳುವವರಿದ್ದಾರೆ. ನಿಜ. ಹಾಗೆಯೇ ಎಲ್ಲ ಭಕ್ತರೂ ಮಹಾಲಿಂಗರಾಯ ಆಗಲಾರರು. ದೊಡ್ಡವರು ಇರುವುದು ದಾರಿ ಇದೆ ಎಂದು ತೋರಿಸಲಿಕ್ಕೆ. ನಾವು ನಮ್ಮ ಶಕ್ತಿಯಿದ್ದಷ್ಟು ನಡೆಯುತ್ತೇವೆ. ಹಾಸ್ಟೆಲಿನಲ್ಲಿ ಬದುಕಬೇಕಾಗಿಲ್ಲ, ವಾರಕ್ಕೊಂದು ಸಂಜೆ ಊರಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟರೂ ಸಾಕು.

ನಮ್ಮ ಈ ಸೀಮೆಗೆ ಇದು ಹೊಸ ಪಾಠವೂ ಅಲ್ಲ. ಬಸವಣ್ಣನವರು ಮಂಗಳವೇಢೆಯಲ್ಲಿ ಬಿಜ್ಜಳನ ಕರಣಿಕರಾಗಿದ್ದರೆಂದು ಪರಂಪರೆ ಹೇಳುತ್ತದೆ, ಲೆಕ್ಕ ಬರೆದವರು, ನಮ್ಮ ಕಸುಬಿನವರು. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದರು, ಸೊಲ್ಲಾಪುರದ ಆ ಕೆರೆಯ ನಡುವೆಯೇ ಇಂದಿಗೂ ಅವರ ಗುಡಿ ಇದೆ. ಅವರಿಬ್ಬರೂ ಮಹಾಭಕ್ತರು, ಎಚ್ಚೆನ್ ಅವರಿಗೂ ಅವರಿಗೂ ಆ ವಿಷಯದಲ್ಲಿ ಹೋಲಿಕೆಯಿಲ್ಲ. ಆದರೆ ಭಕ್ತಿ ಇದ್ದೂ ಕಾಯಕ, ದಾಸೋಹ ಇಲ್ಲದಿದ್ದರೆ ಅದು ಭಕ್ತಿಯೇ ಅಲ್ಲ ಎಂದು ಶರಣರು ತಿಳಿಸಿದ್ದರು. ಭಕ್ತಿ ಇಲ್ಲದಿದ್ದರೂ ಕಾಯಕ, ದಾಸೋಹ ಇದ್ದರೆ ಬದುಕು ಬರಿದಾಗದು ಎಂದು ಎಚ್ಚೆನ್ ತೋರಿಸಿದರು. ಕೆರೆಯ ನೀರು ಕುಡಿಯುವ ದನಕ್ಕೆ ಕೆರೆ ತೋಡಿದವನು ಯಾರನ್ನು ನೆನೆದು ತೋಡಿದ ಎಂಬುದು ಬೇಕಾಗಿಲ್ಲ.

ನರಸಿಂಹಯ್ಯನವರು 2005ರ ಜನವರಿ 31ರಂದು, ಗಾಂಧೀಜಿ ಹುತಾತ್ಮರಾದ ದಿನದ ಮರುದಿನ, ತಮ್ಮ 84ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹೋರಾಟದ ಹಾದಿ ಎಂಬ ಆತ್ಮಕಥೆ, ತೆರೆದ ಮನ ಎಂಬ ಲೇಖನ ಸಂಗ್ರಹ ಬಿಟ್ಟುಹೋಗಿದ್ದಾರೆ. ಅವರು 1976ರಲ್ಲಿ ಎತ್ತಿದ ಪ್ರಶ್ನೆ ಅವರ ನಂತರವೂ ನಿಲ್ಲಲಿಲ್ಲ. ಮಹಾರಾಷ್ಟ್ರದಲ್ಲಿ ಡಾ. ನರೇಂದ್ರ ದಾಭೋಲ್ಕರರು ವರ್ಷಗಟ್ಟಲೆ ಊರೂರು ತಿರುಗಿ ಅಂಧಶ್ರದ್ಧೆಯ ವಿರುದ್ಧ ಕೆಲಸ ಮಾಡಿದರು, 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಗೆ ಬಲಿಯಾದರು. ಅದೇ ವರ್ಷ ಮಹಾರಾಷ್ಟ್ರದಲ್ಲಿ ಮಾಟ-ಮಂತ್ರ, ನರಬಲಿಯ ವಿರುದ್ಧ ಕಾನೂನು ಬಂತು. ಕರ್ನಾಟಕದಲ್ಲಿ ಇಂಥದೇ ಕಾನೂನು 2017ರಲ್ಲಿ ಅಂಗೀಕಾರವಾಯಿತು. ಗಡಿಯ ಎರಡೂ ಕಡೆ ಈಗ ಕಾನೂನು ಇದೆ. ಆದರೆ ಎಚ್ಚೆನ್ ಬಯಸಿದ್ದು ಕಾನೂನಿಗಿಂತ ಹೆಚ್ಚಾಗಿ ಮನಸ್ಸಿನ ಅಭ್ಯಾಸ. ಕೇಳುವವನಿಗೆ ಸಿಟ್ಟಾಗದ ಮನೆ, ಕೇಳಿದ್ದಕ್ಕೆ ಉತ್ತರ ಹುಡುಕುವ ಶಾಲೆ.

ನಮ್ಮ ಸಂಘ ಭಾಷೆಗಾಗಿ ಕೂಡಿದ್ದು. ಇಲ್ಲಿ ಭಂಡಾರ ಹಚ್ಚಿದವರೂ ಇದ್ದಾರೆ, ವ್ಹಾರೆ ಹೊತ್ತು ಪಂಢರಪುರಕ್ಕೆ ನಡೆಯುವವರೂ ಇದ್ದಾರೆ, ಲಿಂಗ ಕಟ್ಟಿದವರೂ, ನಮಾಜು ಮಾಡುವವರೂ ಇದ್ದಾರೆ. ಏನನ್ನೂ ಮಾಡದವರಿಗೂ ಇಲ್ಲಿ ಒಂದು ಕುರ್ಚಿ ಇರಲಿ ಎಂಬುದು ಈ ಸ್ಮರಣೆಯ ಉದ್ದೇಶ. ಜಾತ್ರೆ ಮುಗಿದ ನಂತರದ ಮಾಸಿಕ ಸಭೆಯಲ್ಲಿ ಎಚ್ಚೆನ್ ಅವರ ಬದುಕಿನ ಬಗ್ಗೆ ಮಾತುಕತೆ ಇಟ್ಟುಕೊಂಡಿದ್ದೇವೆ. ಒಪ್ಪುವವರೂ ಬನ್ನಿ, ಒಪ್ಪದವರೂ ಬನ್ನಿ. ದೀಪಾವಳಿಗೆ ಊರಿಗೆ ಬಂದ ಮಕ್ಕಳನ್ನು ತಪ್ಪದೆ ಕರೆದುಕೊಂಡು ಬನ್ನಿ, ಅವರನ್ನು ಮಾತಾಡಲು ಬಿಡಿ. ಚಹಾ-ಚುರುಮುರಿಯ ವ್ಯವಸ್ಥೆ ಎಂದಿನಂತೆ ಇದೆ.

ಎಲ್ಲ ಸದಸ್ಯರಿಗೂ ಜಾತ್ರೆಯ ಮತ್ತು ದೀಪಾವಳಿಯ ಶುಭಾಶಯಗಳು.

ಸಂಘದ ಪರವಾಗಿ,
ಕಾರ್ಯದರ್ಶಿ